ದೋಸ್ತ, ಆ ಕಪಾಟಿನ ಕೀಲಿ ಯಾರ ಕಡೆ ಇರ್ತೇತಿ?

ಲೇ ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ, ಅರ್ಧ ಗಾಳಿ ಸಪ್ಪಳ ಅರ್ಧ ನಿನ್ನ ದನಿ, ಬೈಕ್ ಹೊಡ್ಕೋತ ಕಳಿಸಿದೇನು? ಇರ್ಲಿ, ವಿಷಯ ತಿಳೀತು. ನಿಮ್ಮ ಸಾಲಿಗೆ ಹಳೇ ಹುಡುಗ್ರು ರೊಕ್ಕ ಕೂಡಿಸಿ ಕೊಡಾಕತ್ತಾರ, ಒಂದು ಖೋಲಿ ಖಾಲಿ ಐತಿ, ಆರನೇತ್ತೆಯಿಂದ ಎಂಟನೇತ್ತೆ ತನಕ ಹುಡುಗ್ರಿಗೆ ಒಂದು ಮೇಕರ್‌ಸ್ಪೇಸ್, ಅಂದ್ರ ಕೈಲೆ ಸಾಮಾನು ಮಾಡಿ ಕಲಿಯೋ ಖೋಲಿ, ಮಾಡೋಣು ಅಂದ್ರ ಹೆಡ್‌ಮಾಸ್ತರೂ ಹೂಂ ಅಂದಾರ, ಈಗ ಯಾವ ತ್ರೀಡಿ ಪ್ರಿಂಟರ್ ತಗೋಬೇಕು ಅಷ್ಟ ಹೇಳು ಅಂತ ನೀ ಕೇಳೀದಿ. ಎರಡು ಸಾಲಿನ್ಯಾಗ ಮುಗಿಯೋ ಮಾತಲ್ಲ ಇದು, ಅದಕ್ಕ ಪತ್ರ. ಇಂಥಾ ಖೋಲಿ ತಗ್ಯಾಕ ಹೊಂಟ ಇನ್ನೂ ನಾಕು ಮಂದಿ ಮಾಸ್ತರಗೋಳು ನನ್ನ ಇದ ಕೇಳ್ತಿರ್ತಾರ, ಅವರೂ ಓದ್ಲಿ ಅಂತ ಎಲ್ಲಾರ ಮುಂದ ಹಾಕಾಕತ್ತೀನಿ, ಸಿಟ್ಟಾಗಬ್ಯಾಡ.

ಪ್ರಿಂಟರ್ ಈ ವರ್ಷ ಬ್ಯಾಡ. ಬ್ಯಾಡ ಅಂದ್ರ ಪ್ರಿಂಟರ್ ಕೆಟ್ಟದ್ದಂತಲ್ಲ, ನಿನ್ನ ಪಿರಿಯಡ್ 40 ನಿಮಿಷ, ಅದು ಒಂದು ಮುಷ್ಟಿಯಷ್ಟ ಸಾಮಾನು ಮಾಡಾಕ ತಾಸುಗಟ್ಲೆ ತಗೋತೇತಿ. ಸುಮಾರು 200 ಡಿಗ್ರಿಗೆ ಪ್ಲಾಸ್ಟಿಕ್ ಕರಗಿಸಿ ಪದರಿನ ಮ್ಯಾಲ ಪದರು ಹಾಕ್ಕೋತ ಕುಂದ್ರತೇತಿ, ಕ್ಲಾಸಿನ ಹುಡುಗ್ರೆಲ್ಲಾ ಸುತ್ತ ನಿಂತು ನೋಡೋದು ಬಿಟ್ಟು ಮತ್ತೇನೂ ಮಾಡಂಗಿಲ್ಲ, ಮತ್ತ ನಿಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋತಂದ್ರ ಮುಗೀತು. ಕರೆಂಟ್ ಬಂದಮ್ಯಾಲ ನಿಂತಲ್ಲಿಂದ ಮುಂದುವರೀತೇತಿ ಸರ್ ಅಂತ ಮಾರಾವ ಹೇಳ್ತಾನ, ಸುಳ್ಳಲ್ಲ ಅದು, ಆದ್ರ ಅಷ್ಟೊತ್ತಿಗೆ ಕೆಳಗಿನ ಬೆಡ್ ತಣ್ಣಗಾಗಿ ಸಾಮಾನು ಕಿತ್ತು ಎದ್ದಿರ್ತೇತಿ. ಕಡೀಕ ಏನಾಗ್ತೇತಿ ಗೊತ್ತೇನು, ನೆಟ್ಟಿನ್ಯಾಗಿಂದ ಯಾರೋ ಮಾಡಿದ ಫೈಲ್ ಇಳಿಸಿ ಕೀಚೈನ್ ತಗದು ತಗದು ಬಂದ ಗೆಸ್ಟಿಗೆ ಕೊಡೋದು. ಹುಡುಗ್ರು ತಮ್ಮ ಕೈಲೆ ಅಳತಿ ತಗದು ಟಿಂಕರ್‌ಕ್ಯಾಡ್ ಅನ್ನೋ ತ್ರೀಡಿ ಚಿತ್ರ ಬರಿಯೋ ಸಾಫ್ಟ್‌ವೇರಿನ್ಯಾಗ ಒಂದು ಗಾಲಿ ತಾವ ಬರದು, ಇದು ನಮಗ ರಟ್ಟಿನ್ಯಾಗ ಆಗವಲ್ದು ಸರ್ ಅಂತ ಬಂದು ಕೇಳಿದ ದಿನ ಪ್ರಿಂಟರ್ ತಗೋ. ಟಿಂಕರ್‌ಕ್ಯಾಡ್ ಪುಕ್ಕಟೆ ಐತಿ, ಬ್ರೌಸರಿನ್ಯಾಗ ನಡೀತೇತಿ, ಅದನ್ನ ಈಗಿಂದ ಚಾಲೂ ಮಾಡು ಬೇಕಾದ್ರ.

ಆದ್ರ ನನ್ನ ಖರೇ ಚಿಂತಿ ಪ್ರಿಂಟರಿಂದಲ್ಲ, ಕೀಲಿದು. ನಿನ್ನ ಖೋಲ್ಯಾಗ ಒಂದು ಗೋದ್ರೇಜ್ ಕಪಾಟು ಬರ್ತೇತಲ್ಲ, ಅದರ ಕೀಲಿ ಯಾರ ಕಡೆ ಇರ್ತೇತಿ? 2016ರಾಗ ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ ಚಾಲೂ ಆದಾಗಿಂದ ಆರನೇತ್ತೆಯಿಂದ ಹನ್ನೆರಡನೇತ್ತೆ ತನಕದ ಸಾಲಿಗಳಿಗೆ ಟಿಂಕರಿಂಗ್ ಲ್ಯಾಬ್ ಕೊಟ್ಟಾರ, ಸಾಲಿಗೆ 20 ಲಕ್ಷದ ತನಕ, 2025ರ ಬಜೆಟ್ಟಿನ್ಯಾಗ ಸರಕಾರಿ ಸಾಲಿಗೆ ಇನ್ನೂ 50,000 ಲ್ಯಾಬ್ ಅಂತನೂ ಹೇಳ್ಯಾರ. ಭಾಳ ಛಲೋ ನಡಿಯೋ ಲ್ಯಾಬೂ ನೋಡೀನಿ. ಆದ್ರ ಹೋಗಿ ನೋಡಿದ ಕೆಲವು ಕಡೆ ರೋಬೋ ಕಿಟ್ಟು ಅದರ ಪ್ಲಾಸ್ಟಿಕ್ ಕವರ್ ಸಮೇತ ಕಪಾಟಿನ್ಯಾಗ ಹಂಗ ಕುಂತಾವು. ಮಾಸ್ತರು ಆಲಸಿ ಅಂತ ಬೈಯೋದು ಸುಲಭ, ಅವರ ಜಾಗಾದಾಗ ನಿಂತು ನೋಡು, ಎಲ್ಲಾ ಸಾಮಾನು ಡೆಡ್ ಸ್ಟಾಕ್ ರಿಜಿಸ್ಟರಿನ್ಯಾಗ, ಅಂದ್ರ ಖರ್ಚಾಗದ ಕಾಯಂ ಸಾಮಾನಿನ ಲೆಕ್ಕದಾಗ, ಏರೇತಿ, ಚಾರ್ಜು ಅವರ ಹೆಸರಿಗೆ ಐತಿ, ನಾಳೆ ಟ್ರಾನ್ಸ್‌ಫರ್ ಆದ್ರ ಚಾರ್ಜ್ ಕೊಡುವಾಗ ಒಂದು ಮೋಟರ್ ಕಡಿಮಿ ಬಂತಂದ್ರ ಯಾರು ಉತ್ತರ ಕೊಡಬೇಕು? ಅದಕ್ಕ ಕೀಲಿ ಹಾಕಿ ಕಿಸೇದಾಗ ಇಟ್ಕೋತಾರ. ಆ 20 ಲಕ್ಷದಾಗ ಸಾಮಾನಿಗೆ 10 ಲಕ್ಷ, ಉಳದ 10 ಲಕ್ಷ ಐದು ವರ್ಷ ಲ್ಯಾಬ್ ನಡಸೋ ಖರ್ಚಿಗಂತನ ಇಟ್ಟಾರ ನೋಡು, ಅಂದ್ರ ಸಾಮಾನು ಖರ್ಚಾಗೋದು ಯೋಜನಾದಾಗ ಮೊದಲ ಐತಿ, ರಿಜಿಸ್ಟರಿನ್ಯಾಗ ಅಷ್ಟ ಇಲ್ಲ.

ಹಂಗಾಗಿ ನೀ ಮೊದಲನೇ ದಿನನ ಎರಡು ರಿಜಿಸ್ಟರ್ ಮಾಡು. ಲ್ಯಾಪ್‌ಟಾಪ್, ಮಲ್ಟಿಮೀಟರ್, ಸೋಲ್ಡರಿಂಗ್ ಸ್ಟೇಶನ್, ಡ್ರಿಲ್ ಮಷೀನ್ ಇವು ಡೆಡ್ ಸ್ಟಾಕ್. ಎಲ್‌ಇಡಿ, ವೈರು, ಸೆಲ್ಲು, ಸಣ್ಣ ಮೋಟರು, ಸೆನ್ಸರು, ಅಂಟು, ರಟ್ಟು ಎಲ್ಲಾ ಕನ್ಸ್ಯೂಮೇಬಲ್, ಬಳಸಿದ್ರ ಖರ್ಚಾಗೋ ಮಾಲು. ಎಸ್‌ಡಿಎಂಸಿ (ಸಾಲಿ ಮೇಲುಸ್ತುವಾರಿ ಸಮಿತಿ) ಮೀಟಿಂಗಿನ್ಯಾಗ ಠರಾವು ಬರಸಿ ಹೆಡ್‌ಮಾಸ್ತರ ಸಹಿ ತಗೋ, ಸುಟ್ಟದ್ದು ಮುರದದ್ದು ಹುಡುಗನ ಕೈಲೆನ ಒಂದು ಸಾಲು ಬರಸು, ಏನು ಮಾಡುವಾಗ ಸುಟ್ಟತು ಅಂತ. ನಮ್ಮ ಸಾಲ್ಯಾಗ ಆ ಬುಕ್ಕು ಓದಾಕ ಭಾಳ ಮಜಾ, ಪಠ್ಯಪುಸ್ತಕಕ್ಕಿಂತ ಹೆಚ್ಚು ವಿಜ್ಞಾನ ಐತಿ ಅದರಾಗ. ಮತ್ತ ರೊಕ್ಕದಾಗ ಅರ್ಧಕ್ಕಿಂತ ಹೆಚ್ಚು ಈ ಎರಡನೇ ರಿಜಿಸ್ಟರಿಗೆ ಇಡು, ಉದ್ಘಾಟನೆ ದಿನ ಫೋಟೋದಾಗ ಛಂದ ಕಾಣಂಗಿಲ್ಲ, ಕಾಣದಿದ್ರ ಬಿಡ್ಲಿ.

ಈಗ ನಮ್ಮ ಕಡೆ ನಡದದ್ದು ಒಂದು ಹೇಳ್ತೀನಿ, ಇದನ್ನ ನೀನೂ ಮಾಡಬೇಕು. ಏಳನೇತ್ತೆಗೆ ವಿದ್ಯುತ್ ಪಾಠ ಬಂದಿತ್ತು, ಸಿರೀಸ್ (ಒಂದರ ಹಿಂದ ಒಂದು), ಪ್ಯಾರಲಲ್ (ಬಾಜೂಕ ಬಾಜೂಕ) ಜೋಡಣಿ ಬೋರ್ಡ್ ಮ್ಯಾಲ ಬರದು ಸಾಕಾಗಿತ್ತು, ಅಷ್ಟೊತ್ತಿಗೆ ಆನ್‌ಲೈನಿನ್ಯಾಗ ತರಿಸಿದ್ದ ಕರೆಂಟ್ ಹರಿಯೋ ದಾರ ಬಂದಿತ್ತು, ಸ್ಟೇನ್‌ಲೆಸ್ ಸ್ಟೀಲಿನ ಎಳಿ ಅದು, ಸೂಜ್ಯಾಗ ಪೋಣಿಸಿ ಹೊಲಿಬಹುದು. ಧಾರವಾಡದಾಗ ಕುಂತು ಹೊಲಿಗಿ ಅಂದ್ರ ಮತ್ತೇನು, ಕಸೂತಿ. ಮ್ಯಾಟಿ ಬಟ್ಟಿ ಕತ್ತರಿಸಿ ಕೊಟ್ಟು, ಎಳಿ ಎಣಿಸಿ ಒಂದೊಂದು ಗೋಪುರ ತಗೀರಿ, ಕಳಸದಾಗ ಒಂದು ಎಲ್‌ಇಡಿ ಹತ್ತಬೇಕು, ಕೆಳಗ 2032 ನಂಬರಿನ ಬಟನ್ ಸೆಲ್ಲು ಅಂದೆ. ಎಲ್‌ಇಡಿ ಕಾಲು ಚಿಮಟಗಿಲೆ ಸುತ್ತಿ ರಿಂಗ್ ಮಾಡಿದ್ರ ಗುಂಡಿ ಹಚ್ಚಿದಂಗ ಹೊಲಿಯಾಕ ಬರ್ತೇತಿ. ಗಂಡು ಹುಡುಗ್ರು ಮೊದಲು ಹೊಲಿಗಿ ನಾವ್ಯಾಕ ಮಾಡೂನ್ರೀ ಸರ್ ಅಂದ್ರು, ಪಕ್ಕದ ಬೆಂಚಿನ್ಯಾಗ ಲೈಟ್ ಹತ್ತಿದ ಕೂಡಲೆ ಎಲ್ಲಾರೂ ಸೂಜಿ ಹಿಡಕೊಂಡ್ರು.

ಹತ್ತಿದಕ್ಕಿಂತ ಹತ್ತದ್ದ ಹೆಚ್ಚು. ಬಟ್ಟಿ ಹೊಳ್ಳಿಸಿ ನೋಡಿದ್ರ ಹಿಂದ ದಾರದ ತುದಿಗೋಳು ಜೋತು ಬಿದ್ದಾವು, ಪ್ಲಸ್ಸಿನ ತುದಿ ಮೈನಸ್ಸಿಗೆ ತಾಗಿ ಶಾರ್ಟ್. ಈ ಸ್ಟೀಲ್ ದಾರ ಜಾರ್ತೇತಿ, ಗಂಟು ಹಾಕಿದ್ರ ತಾನ ಬಿಚ್ಚಗೋತೇತಿ. ಒಬ್ಬಾಕಿ ಹುಡುಗಿ ಮನೀಗೆ ಒಯ್ದಿದ್ಲು, ಮರುದಿನ ಅವರಜ್ಜಿ ಸಾಲಿಗೆ ಬಂದ್ಬಿಟ್ರು. ಆ ಹಿರಿಯಾಕಿ ಲೈಟ್ ಕಡೆ ನೋಡಲೇ ಇಲ್ಲ, ಒಬ್ಬೊಬ್ಬರ ಬಟ್ಟಿ ತಗೊಂಡು ಮೊದಲು ಹಿಂದ ಹೊಳ್ಳಿಸಿ ನೋಡಿ, ಇದೇನವಾ ಕಸೂತಿಗೆ ಯಾರರ ಗಂಟು ಹಾಕ್ತಾರೇನು, ಹಿಂದ ಮುಂದ ಒಂದ ನಮೂನಿ ಕಾಣಬೇಕು ಅಂತ ಬೈದು, ಕುಂದ್ರಿಸಿಕೊಂಡು ಗಾವಂತಿ ಅನ್ನೋ ಹೊಲಿಗಿ ತೋರಿಸಿದ್ರು. ಒಂದು ಬಿಟ್ಟು ಒಂದು ಟಾಕಿ ಹಾಕ್ಕೋತ ಹೋಗೋದು, ಹೊಳ್ಳಿ ಬರುವಾಗ ಬಿಟ್ಟದ್ದನ್ನ ತುಂಬೋದು, ತುದಿ ಟಾಕಿ ಒಳಗ ಸಿಗಿಸಿ ಮುಗಿಸೋದು. ತುದಿ ಜೋತು ಬೀಳೂದ ನಿಂತು ಶಾರ್ಟ್ ನಿಂತಿತು. ಅಷ್ಟ ಅಲ್ಲ, ಎಲ್‌ಇಡಿ ಮೊದಲಿಗಿಂತ ಪ್ರಕಾಶ ಬಂದ್ವು, ಯಾಕಂದ್ರ ಗಾವಂತ್ಯಾಗ ದಾರ ಹೋಗಿ ಹೊಳ್ಳಿ ಅದ ದಾರಿಲೆ ಬರ್ತೇತಿ, ಒಂದು ಎಳಿ ಇದ್ದಲ್ಲಿ ಎರಡು ಎಳಿ ಪ್ಯಾರಲಲ್, ರೆಸಿಸ್ಟನ್ಸ್ ಅರ್ಧ. ಮಲ್ಟಿಮೀಟರ್ ಹಚ್ಚಿ ಅಳದು ನೋಡಿದ್ವಿ, ಹಂಗ ಬಂತು. ಸಿರೀಸ್ ಪ್ಯಾರಲಲ್ ನಾ ಬೋರ್ಡಿನ ಮ್ಯಾಲ ಇಷ್ಟು ಛಂದ ಎಂದೂ ಕಲಿಸಿಲ್ಲ ಖರೇನ.

ಅದ ವಾರ ಮತ್ತೊಂದು ಜಗಳ. ಒಬ್ಬಾವ ಗೋಪುರಕ್ಕ ಕೆಂಪು ಎಲ್‌ಇಡಿ ಒಂದು ನೀಲಿ ಒಂದು ಹಚ್ಚಿದ, ಕೆಂಪು ಹತ್ತೇತಿ ನೀಲಿ ಹತ್ತವಲ್ದು, ಸರ್ ನೀಲಿ ಡುಪ್ಲಿಕೇಟ್ ಮಾಲು ಅಂದ. ಕೆಂಪು ತಗದು ನೋಡಲೇ ಅಂದೆ, ತಗದ, ನೀಲಿ ಹತ್ತಿತು! ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ ಹತ್ತತ್ತರ 3 ಬೇಕು, ಎರಡೂ ಒಂದ ಬಟನ್ ಸೆಲ್ಲಿಗೆ ಪ್ಯಾರಲಲ್ ಹಚ್ಚಿದ್ರ ಕೆಂಪು ವೋಲ್ಟೇಜ್ ಕೆಳಗ ಎಳದು ಕರೆಂಟೆಲ್ಲಾ ತಾನ ತಗೋತೇತಿ. ಇದನ್ನ ನಾ ಮೊದಲ ಹೇಳಬಹುದಿತ್ತು, ಹೇಳಲಿಲ್ಲ, ಒಂದು ಪಿರಿಯಡ್ ಪೂರಾ ಅವರ ಕಚ್ಚಾಡ್ಲಿ ಅಂತ ಬಿಟ್ಟೆ. ಖೋಲ್ಯಾಗ ಮಾಸ್ತರದು ಅರ್ಧ ಕೆಲಸ ಬಾಯಿ ಮುಚ್ಕೊಂಡು ಕುಂದ್ರೋದ ನೋಡು, ನಿನಗ ತ್ರಾಸ ಆಗ್ತೇತಿ.

ಸಾಮಾನು ಎಲ್ಲಿ ತರೋದು ಅಂತಿ. ಎಲ್‌ಇಡಿ, ವೈರು, ಸೋಲ್ಡರ್, ಸೆಲ್ಲು ಹುಬ್ಬಳ್ಳ್ಯಾಗ ಟಿವಿ ರಿಪೇರಿಯವರು ಸಾಮಾನು ತಗೊಳ್ಳೋ ಅಂಗಡ್ಯಾಗನ ಸಿಗ್ತಾವು, ಆರ್ಡುಯಿನೋ (ಪ್ರೋಗ್ರಾಮ್ ಬರದು ನಡಸೋ ಸಣ್ಣ ಬೋರ್ಡು), ಸೆನ್ಸರು ಆನ್‌ಲೈನ್ ಸೋವಿ ಬೀಳ್ತಾವು. ಮತ್ತ ಗುಜರಿ ಅಂಗಡಿ ಬಿಡಬ್ಯಾಡ, ಹಳೇ ಡಿವಿಡಿ ಪ್ಲೇಯರ್, ಕೆಟ್ಟ ಪ್ರಿಂಟರ್ ಬಿಚ್ಚಿದ್ರ ಮೋಟರ್, ಗೇರು, ಬೆಲ್ಟು, ಸ್ಪ್ರಿಂಗು, ಹುಡುಗ್ರಿಗೆ ಹಬ್ಬ. ಡಬ್ಬಾ ಟಿವಿ ಮತ್ತ ಮೈಕ್ರೋವೇವ್ ಮಾತ್ರ ಖೋಲಿ ಒಳಗ ಬಿಟ್ಕೋಬ್ಯಾಡ, ಪ್ಲಗ್ ತಗದಮ್ಯಾಲೂ ಒಳಗ ಜೀವ ತಗಿಯುವಷ್ಟು ವೋಲ್ಟೇಜ್ ಉಳದಿರ್ತೇತಿ. ಬಟನ್ ಸೆಲ್ಲು ಎಣಿಸಿ ಕೊಟ್ಟು ಎಣಿಸಿ ತಗೋ, ಮನ್ಯಾಗ ಸಣ್ಣ ಕೂಸು ನುಂಗಿದ್ರ ಅನ್ನನಾಳ ಸುಟ್ಟು ಹೋಗ್ತೇತಿ, ಅದಕ್ಕ ಸೆಲ್ಲು ಸಾಲಿ ಬಿಟ್ಟು ಹೊರಗ ಹೋಗಬಾರದು. ಮೋಟರಿಗೆ ಆ ಚೌಕ 9 ವೋಲ್ಟಿನ ಸೆಲ್ಲು ಹಚ್ಚಾಕ ಕೊಡಬ್ಯಾಡ, ನೋಡ್ತಿದ್ದಂಗ ಇಳೀತೇತಿ, ನಾಕು ಪೆನ್ಸಿಲ್ ಸೆಲ್ಲಿನ ಡಬ್ಬಿ ಎಷ್ಟೋ ಪಾಡು.

ರೊಕ್ಕ ಬರೋದು ತಡ ಆದ್ರೂ ಕುಂದ್ರಬ್ಯಾಡ ಮತ್ತ. ಅರವಿಂದ ಗುಪ್ತಾ ಅವರು 1970ರ ದಶಕದಾಗ ಮಧ್ಯಪ್ರದೇಶದ ಹೊಶಂಗಾಬಾದಿನ ಹಳ್ಳಿ ಸಾಲಿಗಳೊಳಗ ಕಡ್ಡಿಪೆಟ್ಟಿಗಿ ಕಡ್ಡಿಗೆ ಸೈಕಲ್ ವಾಲ್‌ಟ್ಯೂಬ್ ತುಂಡು ಸಿಗಿಸಿ ತ್ರಿಕೋನ, ಚೌಕ, ಘನ ಎಲ್ಲಾ ಮಾಡಿಸಿದ್ರು, ಐಐಟಿ ಕಾನ್ಪುರದಾಗ ಓದಿದ ಮನಷ್ಯಾ, 2018ರಾಗ ಪದ್ಮಶ್ರೀ ಬಂತು. ವಾಲ್‌ಟ್ಯೂಬ್ ನಿಮ್ಮೂರ ಸೈಕಲ್ ಅಂಗಡ್ಯಾಗ ಸಿಗ್ತೇತಿ. ತ್ರಿಕೋನ ಅಲುಗಾಡಂಗಿಲ್ಲ ಚೌಕ ಅಲುಗಾಡ್ತೇತಿ ಅನ್ನೋದು ಆರನೇತ್ತೆ ಹುಡುಗಗ ಕೈಯಾಗ ತಿಳದ್ರ ಆಮ್ಯಾಲ ಸೇತುವೆ ಕಟ್ಟಾಕ ನಿನ್ನ ಕೇಳಂಗಿಲ್ಲ ಅವಾ.

ಕೋಡಿಂಗ್ ಬಗ್ಗೆ ಜಾಸ್ತಿ ತಲಿ ಕೆಡಿಸಿಕೋಬ್ಯಾಡ. ಆರನೇತ್ತೆಗೆ ತುಂಡು ಜೋಡಿಸಿ ಪ್ರೋಗ್ರಾಮ್ ಮಾಡೋ ಸ್ಕ್ರ್ಯಾಚ್ ಸಾಕು, ನೆಟ್ ಇಲ್ಲದನೂ ನಡೀತೇತಿ. ಎಂಟನೇತ್ತೆಗೆ ಆರ್ಡುಯಿನೋ, 2005ರಾಗ ಇಟಲಿಯ ಇವ್ರಿಯಾದಾಗ ಹುಟ್ಟಿದ್ದು, ಇಂಜಿನಿಯರಿಂಗ್ ಬರದ ಡಿಸೈನ್ ಹುಡುಗ್ರಿಗಂತ ಮಾಡಿದ್ದು ಅಂತ ಮೊದಲ ಹೇಳಿಬಿಡು, ಹೆದರಿಕಿ ಹೋಗ್ತೇತಿ. ಎರರ್ ಎಲ್ಲಾ ಇಂಗ್ಲಿಷಿನ್ಯಾಗ ಬರ್ತಾವು, ಕನ್ನಡ ಮಾಧ್ಯಮದ ಹುಡುಗ್ರು ಕೆಂಪು ಅಕ್ಷರ ನೋಡಿದ ಕೂಡಲೆ ಕೈ ಬಿಡ್ತಾರ, ನಾವು ಗ್ವಾಡಿಗೆ ಒಂದು ದೊಡ್ಡ ಹಾಳಿ ಹಚ್ಚೇವಿ, ಯಾವ ಎರರಿಗೆ ಏನು ಮಾಡಬೇಕು ಅಂತ ಅವರ ಕನ್ನಡದಾಗ ಬರೀತಾರ, "ಸೆಮಿಕೋಲನ್ ಮರತೀರಿ, ಅದು ತೋರಿಸಿದ ಸಾಲಿನ್ಯಾಗ ಅಲ್ಲ, ಅದರ ಮ್ಯಾಲಿನ ಸಾಲು ನೋಡ್ರಿ" ಹಿಂಗ.

ಮತ್ತ ಕೈ ಮುಗೀತೀನಿ, ಸ್ಮಾರ್ಟ್ ಡಸ್ಟ್‌ಬಿನ್ ಮಾಡಿಸಬ್ಯಾಡ! ಯಾವ ವಿಜ್ಞಾನ ಮೇಳಕ್ಕ ಹೋದ್ರೂ ಕೈ ಮುಂದ ಹಿಡದ್ರ ಬಾಯಿ ತಗಿಯೋ ಕಸದ ಡಬ್ಬಿ ಸಾಲಾಗಿ ನಿಂತಿರ್ತಾವು, ಎಲ್ಲಾರದೂ ಒಂದ ಯೂಟ್ಯೂಬ್ ವಿಡಿಯೋ. ನಿನ್ನ ಹುಡುಗ್ರ ಮನಿ ಅಂಗಳದಾಗ ಡಬ್ಬಿ, ಕಡ್ಡಿ ಅನ್ನೋ ಜಾತಿ ಮೆಣಸಿನಕಾಯಿ ಒಣಗ್ತಾವಲ್ಲ, ಬ್ಯಾಡಗಿ ಸೀಮ್ಯಾಗ ಇದ್ದು ಬ್ಯಾರೇ ಪ್ರಾಜೆಕ್ಟ್ ಯಾಕ ಹುಡುಕ್ತಿ? ಡಿಎಚ್‌ಟಿ11 ಅಂತ ಸಣ್ಣ ನೀಲಿ ಸೆನ್ಸರ್ ಬರ್ತೇತಿ, ಗಾಳಿ ಒಳಗಿನ ತೇವಾಂಶ ತೋರಸ್ತೇತಿ. ನೆಲದ ಮ್ಯಾಲ ಹರವಿದ ಕಾಯಿ ಹತ್ರ ಒಂದು, ತಾಡಪಾಲು ಮುಚ್ಚಿದ್ದರ ಒಳಗ ಒಂದು ಇಟ್ಟು ರಾತ್ರಿ ಪೂರಾ ಅಳೀಲಿ, ಇಬ್ಬನಿ ಬಿದ್ದಾಗ ಏನಾಗ್ತೇತಿ ಅಂತ ಅವರ ಅಪ್ಪಗ ತೋರಿಸ್ಲಿ, ಅಪ್ಪ ಕೇಳೋ ಪ್ರಶ್ನೆ ಜಡ್ಜ್ ಕೇಳೋದಕ್ಕಿಂತ ಬಿರಸು ಇರ್ತಾವು. ಆ ಸೆನ್ಸರ್ ಐದು ಪರ್ಸೆಂಟ್ ಆಕಡೆ ಈಕಡೆ ತೋರಸ್ತೇತಿ, ಹಂಗಾಗಿ 61 ಬಂತು 63 ಬಂತು ಅಂತ ಕುಣಿಯೋದು ಬ್ಯಾಡ ಅಂತನೂ ಕಲಿಸು.

ಟೈಮ್‌ಟೇಬಲ್ ಜಗಳ ಬರ್ತೇತಿ, ಗಣಿತದವರು ತಮ್ಮ ಪಿರಿಯಡ್ ಬಿಡಂಗಿಲ್ಲ. ಬ್ಯಾಗ್ ಇಲ್ಲದ ಶನಿವಾರ ಮೊದಲ ಹಿಡಕೋ, 2020ರ ಶಿಕ್ಷಣ ನೀತ್ಯಾಗ ಆರರಿಂದ ಎಂಟಕ್ಕ 10 ದಿನ ಬ್ಯಾಗ್ ಇಲ್ಲದ ಕಲಿಕೆ ಅಂತ ಬರದಾರ ಅನ್ನೋದನ್ನೂ ಹೆಡ್‌ಮಾಸ್ತರ ಕಿವಿಗೆ ಹಾಕು. ಉಳದಂತೆ ಮಧ್ಯಾಹ್ನದ ಊಟ ಆದಮ್ಯಾಲ ಖೋಲಿ ತಗದ ಇಡು, ಎಂಟನೇತ್ತೆ ಇಬ್ಬರು ಹುಡಿಗ್ಯಾರ ಕೈಯಾಗ ಕೀಲಿ ಕೊಡು, ಅವರಷ್ಟು ಲೆಕ್ಕ ನೀನೂ ಇಡಂಗಿಲ್ಲ.

ಸದ್ಯ ಒಂದು ಕೆಲಸ ಮಾಡು. ಕೊಟೇಶನ್ ತರಸೋಕಿಂತ ಮೊದಲು ನಿಮ್ಮೂರ ವೈರಮನ್‌ನ ಕರಕೊಂಡು ಹೋಗಿ ಆ ಖೋಲ್ಯಾಗ ಅರ್ಥಿಂಗ್ ಐತೋ ಇಲ್ಲೋ ನೋಡಸು, ಮೇನ್ ಹತ್ರ ಕರೆಂಟ್ ಸೋರಿದ್ರ ತಾನ ಬಂದ್ ಮಾಡೋ 30 ಮಿಲಿ ಆಂಪಿನ ಆರ್‌ಸಿಸಿಬಿ ಸ್ವಿಚ್ ಕೂಡಿಸು, ಎಷ್ಟು ಪ್ಲಗ್ ಅದಾವು, ಕಿಡಕಿ ಯಾವ ಕಡೆ ಅಂತ ಒಂದು ಹಾಳ್ಯಾಗ ನಕ್ಷಾ ತಗದು ಫೋಟೋ ಕಳಸು. ಸೋಲ್ಡರಿಂಗ್ ಟೇಬಲ್ ಕಿಡಕಿ ಬಾಜೂಕನ ಬರಬೇಕು, ಹೊಗಿ ಹೊರಗ ಹೋಗ್ಲಿ. ಮೊದಲ ತಿಂಗಳ ಸಾಮಾನಿನ ಪಟ್ಟಿ ಅದನ್ನ ನೋಡಿಕೊಂಡು ನಾನ ಬರದು ಕಳಸ್ತೀನಿ. ಅವ್ವಗ ನಮಸ್ಕಾರ ಹೇಳು.

ನಿನ್ನ ದೋಸ್ತ,
ಧಾರವಾಡ