ತೋಟದ ನಡುವಿನ ರಸ್ತೆಗಳಿಗೆ 30ರ ಮಿತಿ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕೊಡಗಿನಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಧಿಕಾರಿಗಳ ನಿರ್ಬಂಧ ಬರುತ್ತದೆ. ಮರಳು ಲಾರಿ, ಮರದ ದಿಮ್ಮಿ ತುಂಬಿದ ಲಾರಿಗಳು ನಿಲ್ಲುತ್ತವೆ. ಗುಡ್ಡ ಜರಿಯಬಾರದು, ರಸ್ತೆ ಕುಸಿಯಬಾರದು ಎಂಬ ಕಾಳಜಿ ಅದು. 2018ರ ಭೂಕುಸಿತ ಕಂಡವರು ಯಾರೂ ಅದನ್ನು ಬೇಡ ಎನ್ನುವುದಿಲ್ಲ. ರಸ್ತೆಯ ಮೇಲೆ ತೋರಿಸುವ ಆ ಕಾಳಜಿಯನ್ನು ರಸ್ತೆಯಲ್ಲಿ ನಡೆಯುವವರ ಮೇಲೂ ತೋರಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಮನೆ, ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆ, ಶಾಲೆ, ಅಂಗನವಾಡಿ ಇರುವ ಕಡೆ, ಆನೆ ದಾಟುವ ಕಡೆ, ವಾಹನಗಳ ವೇಗ ಗಂಟೆಗೆ 30 ಕಿ.ಮೀ. ಮೀರಬಾರದು.

ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ಚೆಟ್ಟಳ್ಳಿ ಸುತ್ತಮುತ್ತ ಕಾಫಿ ತೋಟಗಳ ನಡುವೆ ಹೋಗುವ ಒಳರಸ್ತೆಗಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಎದುರಿಗೆ ಬಸ್ ಬಂದರೆ ಜೀಪು ಅಂಚಿಗೆ ಇಳಿಯಲೇಬೇಕು, ಅಷ್ಟೇ ಅಗಲ. ಫುಟ್‌ಪಾತ್ ಇಲ್ಲ. ಒಂದು ಪಕ್ಕ ಚರಂಡಿ, ಇನ್ನೊಂದು ಪಕ್ಕ ಬೇಲಿ. ಮೊದಲು ಗುಂಡಿಗಳಿದ್ದವು, ಯಾರೂ ಜೋರಾಗಿ ಓಡಿಸುತ್ತಿರಲಿಲ್ಲ. ಈಗ ಹಲವು ಕಡೆ ಒಳ್ಳೆಯ ಡಾಂಬರು ಬಿದ್ದಿದೆ. ನಾವೇ ಅರ್ಜಿ ಕೊಟ್ಟು, ಅಲೆದು ಹಾಕಿಸಿಕೊಂಡದ್ದು, ಅದರಲ್ಲಿ ಸಂತೋಷವೇ ಇದೆ. ಆದರೆ ಡಾಂಬರಿನ ಹಿಂದೆಯೇ ಮೊಬೈಲ್ ಮ್ಯಾಪ್ ನೋಡಿಕೊಂಡು ಅಡ್ಡದಾರಿ ಹಿಡಿಯುವ ಕಾರುಗಳೂ ಬಂದವು. ಶನಿವಾರ, ಭಾನುವಾರ ಬೆಳಿಗ್ಗೆಯಿಂದಲೇ ಓಡಾಟ ಜಾಸ್ತಿ. ಬರೀ ಪ್ರವಾಸಿಗರನ್ನು ದೂರಿದರೆ ಅದು ನ್ಯಾಯವಲ್ಲ. ಕೊಯ್ಲಿನ ಸಮಯದಲ್ಲಿ ಕಾರ್ಮಿಕರನ್ನು ತುಂಬಿಕೊಂಡು ಓಡುವ ಪಿಕಪ್‌ಗಳು ನಮ್ಮವೇ. ತಿರುವು ಗೊತ್ತಿದೆ ಎಂಬ ಧೈರ್ಯದಲ್ಲಿ ಬೈಕ್ ಬಿಡುವ ಹುಡುಗರೂ ನಮ್ಮ ಊರಿನವರೇ.

ಈ ರಸ್ತೆಗಳಲ್ಲಿ ನಡೆದು ಹೋಗುವವರು ಯಾರು ನೋಡಿ. ಬೆಳಿಗ್ಗೆ ತೋಟಕ್ಕೆ ಹೋಗುವ ಹೆಂಗಸರು, ಶಾಲೆಗೆ ಹೊರಟ ಲೈನ್ ಮನೆಯ ಮತ್ತು ಹಾಡಿಯ (ಆದಿವಾಸಿಗಳ ವಸತಿಯ) ಮಕ್ಕಳು, ರೇಷನ್ ತರಲು ಹೊರಟ ವಯಸ್ಸಾದವರು. ಕಾರು ಇದ್ದವರ ಮಕ್ಕಳು ಕಾರಿನಲ್ಲೇ ಹೋಗುತ್ತಾರೆ. ತಿರುವಿನಲ್ಲಿ ಗಾಡಿಯ ಸದ್ದು ಕೇಳಿದ ಕೂಡಲೇ ಪುಟ್ಟ ಮಕ್ಕಳು ಬ್ಯಾಗ್ ಸಮೇತ ಬೇಲಿಗೆ ಒತ್ತಿಕೊಂಡು ನಿಲ್ಲುವುದನ್ನು ನಾನು ದಿನಾ ನೋಡುತ್ತೇನೆ. ನಡೆಯುವವರು ಹೆದರಿಕೊಂಡು ಬದುಕುವುದು ಅಭ್ಯಾಸವಾಗಿ ಹೋಗಿದೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

30 ಎಂದು ನಾನು ಸುಮ್ನೆ ಹೇಳುತ್ತಿಲ್ಲ. ಅಪಾಯ ಕಂಡು ಬ್ರೇಕ್ ಮೇಲೆ ಕಾಲಿಡಲು ಡ್ರೈವರ್‌ಗೆ ಒಂದು ಸೆಕೆಂಡ್ ಆದರೂ ಬೇಕು. 30ರ ವೇಗದಲ್ಲಿ ಅಷ್ಟರೊಳಗೆ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ ಸುಮಾರು 5 ಮೀಟರ್. ಒಟ್ಟು 13 ಮೀಟರ್‌ನಲ್ಲಿ ಗಾಡಿ ನಿಂತೀತು. 60ರಲ್ಲಿ ಇದ್ದರೆ 37 ಮೀಟರ್ ಬೇಕು. ವೇಗ ಎರಡರಷ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಇನ್ನು ನಮ್ಮ ಜುಲೈ ತಿಂಗಳ ಮಳೆ, ಮಂಜು, ರಸ್ತೆಗೆ ಹರಿದು ಬಂದ ಕೆಸರು ಸೇರಿದರೆ ಇನ್ನಷ್ಟು ದೂರ ಬೇಕು. ಒಳರಸ್ತೆಯ ಎಷ್ಟು ತಿರುವುಗಳಲ್ಲಿ ಮುಂದಿನ 37 ಮೀಟರ್ ಕಣ್ಣಿಗೆ ಕಾಣುತ್ತದೆ, ಹೇಳಿ? ಜನ ಮತ್ತು ವಾಹನ ಒಂದೇ ಜಾಗದಲ್ಲಿ ಓಡಾಡುವ ಕಡೆ 30ರ ಮಿತಿ ಇರಲಿ ಎಂದು ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆ ಕೂಡ ಹೇಳಿದೆ. ಸ್ಪೇನ್ ದೇಶ 2021ರಲ್ಲಿ ಊರೊಳಗೆ ಒಂದೊಂದು ಬದಿಗೆ ಒಂದೇ ಲೇನ್ ಇರುವ ರಸ್ತೆಗಳಿಗೆ ಇದೇ ಮಿತಿ ತಂದಿದೆ.

ಇನ್ನು ಪ್ರಾಣಿಗಳ ವಿಷಯ. ನಮ್ಮಲ್ಲಿ ಆನೆ ಕಾಡಿನಲ್ಲಿದೆ, ಜನ ಊರಿನಲ್ಲಿದ್ದಾರೆ ಎಂದು ಗೆರೆ ಎಳೆಯಲು ಆಗುವುದಿಲ್ಲ. ಹಗಲೆಲ್ಲ ತೋಟದ ನೆರಳಲ್ಲೇ ನಿಂತು, ಸಂಜೆ ಕತ್ತಲಾಗುವ ಹೊತ್ತಿಗೆ ಮತ್ತು ಬೆಳಗಿನ ಜಾವ ಅವು ರಸ್ತೆ ದಾಟುತ್ತವೆ. ಹಲಸಿನ ಕಾಲದಲ್ಲಿ ಕೇಳಲೇ ಬೇಡಿ. ಮರಿ ಇರುವ ಹಿಂಡು ದಾಟುತ್ತಿರುವಾಗ ತಿರುವಿನಿಂದ ಒಂದು ಕಾರು ಏಕಾಏಕಿ ನುಗ್ಗಿದರೆ ತಾಯಿ ಆನೆ ಏನು ಮಾಡುತ್ತದೆ ಎಂಬುದು ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ. ನಿಧಾನ ಬಂದವನಿಗೆ ದೂರದಲ್ಲೇ ನಿಲ್ಲಲು, ಹಿಂದೆ ಸರಿಯಲು ಅವಕಾಶ ಇರುತ್ತದೆ. ಜೋರಾಗಿ ಬಂದವನು ಹಿಂಡಿನ ನಡುವೆಯೇ ಇರುತ್ತಾನೆ. ಎಷ್ಟೋ ಕಡೆ ರಸ್ತೆಯ ಎರಡೂ ಪಕ್ಕ ಸೋಲಾರ್ ಬೇಲಿ ಇದೆ. ರಸ್ತೆಗೆ ಇಳಿದ ಪ್ರಾಣಿಗೆ ಪಕ್ಕಕ್ಕೆ ಓಡಲು ದಾರಿಯೇ ಇರುವುದಿಲ್ಲ. ಇದನ್ನು ಬೇಲಿ ಹಾಕುವ ನಾವು ಬೆಳೆಗಾರರೂ ಯೋಚಿಸಬೇಕು.

2018ರ ಅಕ್ಟೋಬರ್‌ನಲ್ಲಿ ಹುಣಸೂರು–ಗೋಣಿಕೊಪ್ಪ ರಸ್ತೆಯ ಮತ್ತಿಗೋಡು ಆನೆ ಶಿಬಿರದ ಬಳಿ ರಂಗ ಎಂಬ ಆನೆ ಖಾಸಗಿ ಬಸ್ ಬಡಿದು ಸತ್ತಿತು. ಅಷ್ಟು ದೊಡ್ಡ ಪ್ರಾಣಿಯೇ ಕಾಣಲಿಲ್ಲ ಎಂದರೆ ಮುಳ್ಳುಹಂದಿ, ಪುನುಗು ಬೆಕ್ಕು, ಮುಂಗುಸಿ ಯಾರ ಕಣ್ಣಿಗೆ ಬೀಳುತ್ತವೆ? ರಾತ್ರಿ ಬಿಸಿ ಉಳಿದ ಡಾಂಬರಿನ ಮೇಲೆ ಹಾವು ಮಲಗುತ್ತದೆ. ಮೊದಲ ಮಳೆಗೆ ಕಪ್ಪೆ, ಏಡಿ ರಸ್ತೆಗೆ ಬರುತ್ತವೆ. ಇವು ಸತ್ತದ್ದಕ್ಕೆ ಯಾರೂ ದೂರು ಕೊಡುವುದಿಲ್ಲ, ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಲೈಟ್ ಕಣ್ಣಿಗೆ ಹೊಡೆದಾಗ ಎಷ್ಟೋ ಪ್ರಾಣಿಗಳು ಓಡುವುದಿಲ್ಲ, ಅಲ್ಲೇ ನಿಂತುಬಿಡುತ್ತವೆ. ಉಳಿಸಬೇಕಾದವನು ಡ್ರೈವರ್ ಒಬ್ಬನೇ.

ಕಾನೂನಿನಲ್ಲಿ ದಾರಿ ಇದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪ್ರಕಾರ ಸಾಮಾನ್ಯ ರಸ್ತೆಯಲ್ಲಿ ಕಾರಿಗೆ 70 ಕಿ.ಮೀ. ವೇಗದವರೆಗೆ ಅವಕಾಶ ಇದೆ. ಅಂದರೆ ಬೇರೆ ಫಲಕ ಹಾಕದಿದ್ದರೆ ಅಂಗನವಾಡಿ ಮುಂದೆ 65ರಲ್ಲಿ ಹೋದವನನ್ನು ಮಿತಿ ಮೀರಿದ ಎಂದು ಹಿಡಿಯಲೂ ಆಗುವುದಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಜನರ ಸುರಕ್ಷತೆಗಾಗಿ, ರಸ್ತೆಯ ಸ್ವರೂಪ ನೋಡಿ, ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಇದಕ್ಕಿಂತ ಕಡಿಮೆ ಮಿತಿ ಗೊತ್ತುಮಾಡಬಹುದು. ಮಳೆಗಾಲದಲ್ಲಿ ಲಾರಿ ನಿಲ್ಲಿಸಲು ಆಗುವ ಜಿಲ್ಲಾಡಳಿತಕ್ಕೆ ಇದನ್ನು ಮಾಡಿಸುವುದು ಕಷ್ಟವೇ?

ಬರೀ ಬೋರ್ಡ್ ಹಾಕಿ ಬಿಟ್ಟರೆ ಸಾಲದು. ಆನೆ ಚಿತ್ರದ ಬೋರ್ಡುಗಳು ಬಳ್ಳಿ ಹಬ್ಬಿ ಮುಚ್ಚಿಹೋಗಿವೆ. ರಸ್ತೆಯೇ ವೇಗ ಇಳಿಸುವಂತಿರಬೇಕು, ಅದಕ್ಕೆ ಹಂಪ್ ಬೇಕು. ಹಂಪ್ ಎಂದರೆ ಜನ ಸಿಡುಕುವುದಕ್ಕೂ ಕಾರಣ ಇದೆ. ಒಂದು ಅಪಘಾತ ಆದ ಮರುದಿನ ಕೈಗೆ ಸಿಕ್ಕ ಜಲ್ಲಿ, ಸಿಮೆಂಟ್ ಹಾಕಿ ಗೋಡೆಯ ಹಾಗೆ ಎತ್ತರಿಸಿಬಿಡುತ್ತೇವೆ. ಬಣ್ಣ ಇಲ್ಲ, ಸೂಚನೆ ಇಲ್ಲ. ಮಂಜಿನಲ್ಲಿ ಬೈಕ್‌ನವರು ಎಗರಿ ಬೀಳುತ್ತಾರೆ, ಆಟೋದಲ್ಲಿ ಬರುವ ಬಸುರಿಗೆ ತೊಂದರೆ. ರಸ್ತೆ ನಿರ್ಮಾಣದ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಇದಕ್ಕೆ ಸರಿಯಾದ ಅಳತೆ ಕೊಟ್ಟಿದೆ. ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ದುಂಡಗಿನ ಮೇಲ್ಮೈ. 25ರ ವೇಗದಲ್ಲಿ ಬಂದವರು ಆರಾಮಾಗಿ ದಾಟಬಹುದು, ಜೋರಾಗಿ ಬಂದವರಿಗೆ ಮಾತ್ರ ಕುಲುಕುತ್ತದೆ. ಅದಕ್ಕೆ ಬಿಳಿ ಬಣ್ಣ, ರಾತ್ರಿ ಹೊಳೆಯುವ ಫಲಕ, ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಮತ್ತೆ ಬಣ್ಣ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ರಸ್ತೆ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಬಂಡೀಪುರದಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧದ ಹೆಸರು ಎತ್ತಿದರೆ ಇಲ್ಲೂ ಜನ ಗಾಬರಿಯಾಗುತ್ತಾರೆ. ನಮಗೆ ರೈಲಿಲ್ಲ. ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಸೇರಿಸಬೇಕೆಂದರೆ ರಸ್ತೆ ಬಿಟ್ಟರೆ ಗತಿಯಿಲ್ಲ, ಅಲ್ವಾ? ಆದರೆ 4 ಕಿ.ಮೀ. ಒಳರಸ್ತೆಯನ್ನು 60ರಲ್ಲಿ ಹೋದರೆ 4 ನಿಮಿಷ, 30ರಲ್ಲಿ ಹೋದರೆ 8 ನಿಮಿಷ. ಆ 4 ನಿಮಿಷ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ.

ಪ್ರತಿ ಪಂಚಾಯಿತಿಯೂ ಗ್ರಾಮಸಭೆಯಲ್ಲಿ ಮಕ್ಕಳು ನಡೆಯುವ ತಿರುವುಗಳನ್ನೂ ಆನೆ ದಾಟುವ ಜಾಗಗಳನ್ನೂ ಗುರುತು ಮಾಡಲಿ. ಲೈನ್ ಮನೆಯವರನ್ನು, ಹಾಡಿಯವರನ್ನು ಮೊದಲು ಕೇಳಲಿ, ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಲೋಕೋಪಯೋಗಿ, ಅರಣ್ಯ, ಪೊಲೀಸ್ ಇಲಾಖೆಯವರು ಒಟ್ಟಿಗೆ ಬಂದು ಆ ಜಾಗ ನೋಡಲಿ. ಹೋಂಸ್ಟೇ ನಡೆಸುವವರು ದಾರಿ ಹೇಳುವಾಗಲೇ ಅತಿಥಿಗಳಿಗೆ ವೇಗದ ಮಿತಿಯನ್ನೂ ಹೇಳಲಿ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾಗಿ ರಸ್ತೆಯಲ್ಲಿ ಜನ, ಗಾಡಿ ಎರಡೂ ಹೆಚ್ಚುವ ಮೊದಲೇ ಕೆಲವು ರಸ್ತೆಗಳಲ್ಲಾದರೂ ಈ ಕೆಲಸ ಮುಗಿಯಬೇಕು.

ಇತಿ,
ಒಬ್ಬ ಕಾಫಿ ಬೆಳೆಗಾರ್ತಿ
ಸಿದ್ದಾಪುರ, ಕೊಡಗು