ಮಂಡಿಪಟ್ಟಿಗೆ ಯಾವ ಕಾರ್ಡು?

ಚಿರಂಜೀವಿ ಪುಟ್ಟನಿಗೆ, ಮಾವನ ಆಶೀರ್ವಾದಗಳು.

ಅಕ್ಕ ಮುಂದಿನ ತಿಂಗಳು ಮೈಸೂರಿನಿಂದ ಡಲ್ಲಾಸಿಗೆ ಬರುತ್ತಿರುವುದು ತಿಳಿದು ಬಹಳ ಸಂತೋಷವಾಯಿತು. ಅವಳ ಮಂಡಿನೋವಿಗೆ ಎರಡು ಒಳ್ಳೆಯ ಮಂಡಿಪಟ್ಟಿ ಕೊಂಡು, ವೈದ್ಯಕೀಯ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ನಿನ್ನ ಎಚ್‌ಎಸ್‌ಎ ಖಾತೆಯ ಕಾರ್ಡಿನಲ್ಲೇ ಹಣ ಕಟ್ಟುತ್ತೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಪತ್ರ. ಪಟ್ಟಿ ಖಂಡಿತ ಕೊಡಿಸು. ಆ ಕಾರ್ಡು ಮಾತ್ರ ಬೇಡ.

ಆ ಖಾತೆಯ ಹಣ ನಿನಗೆ, ನಿನ್ನ ಹೆಂಡತಿಗೆ ಮತ್ತು ತೆರಿಗೆಯ ಲೆಕ್ಕದಲ್ಲಿ ನಿನ್ನ ಅವಲಂಬಿತರಾದವರಿಗೆ ಮೀಸಲು. ಹೆತ್ತ ತಾಯಿಯೇ ಆದರೂ ಅವಲಂಬಿತಳು ಎನಿಸಿಕೊಳ್ಳಲು ಅಮೆರಿಕದ ಪ್ರಜೆಯೋ, ತೆರಿಗೆಯ ದೃಷ್ಟಿಯಲ್ಲಿ ಇಲ್ಲಿನ ನಿವಾಸಿಯೋ ಆಗಿರಬೇಕು. ಕೆನಡಾ, ಮೆಕ್ಸಿಕೊ ನಿವಾಸಿಗಳಿಗೂ ಅವಕಾಶವಿದೆ. ಮೂರು ತಿಂಗಳು ಇದ್ದು ಮೈಸೂರಿಗೆ ಮರಳುವ ಅಕ್ಕನಿಗೆ ಇಲ್ಲ. ಹೀಗೆ ತಪ್ಪಾಗಿ ತೆಗೆದ ಹಣ ನಿನ್ನ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ, ನಿನ್ನ ವಯಸ್ಸಿನವರಿಗೆ ಅದರ ಮೇಲೆ ಶೇ. 20 ದಂಡ ಬೇರೆ. ಅಂಗಡಿಯಲ್ಲಿ ಪಟ್ಟಿ ಯಾರ ಮಂಡಿಗೆ ಎಂದು ಯಾರೂ ಕೇಳುವುದಿಲ್ಲ, ನಿಜ. ಆದರೆ ಈ ಖಾತೆಯ ಲೆಕ್ಕವನ್ನು ತೆರಿಗೆಯವರಿಗೆ ಒಪ್ಪಿಸುವ ಫಾರ್ಮ್ 8889 ತುಂಬುವವನು ನೀನು. ಅಮ್ಮನ ಸೇವೆಯನ್ನು ಸುಳ್ಳು ಲೆಕ್ಕದಿಂದ ಮಾಡಬೇಡ ಕಂದ.

ನಿನ್ನ ಮಣಿಕಟ್ಟಿನ ವಿಷಯ ಬೇರೆ. ದಿನವಿಡೀ ಕೀಬೋರ್ಡ್ ಕುಟ್ಟಿ ನೋವು ತಂದುಕೊಂಡಿದ್ದೀಯ, ಮಣಿಕಟ್ಟು ಅಲುಗದಂತೆ ಹಿಡಿಯುವ ಸ್ಪ್ಲಿಂಟ್ ಕೊಳ್ಳಲು ಇದೇ ಖಾತೆ ಸರಿ. ಸಂಬಳದಲ್ಲೇ ಕಡಿತವಾಗಿ ಖಾತೆಗೆ ಹೋಗುವ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ, ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ ಶೇ. 7.65 ಕೂಡ ಇಲ್ಲ. ನೀನು ಆದಾಯ ತೆರಿಗೆಯ ಶೇ. 22ರ ಹಂತದಲ್ಲಿದ್ದರೆ 60 ಡಾಲರಿನ ಸ್ಪ್ಲಿಂಟಿಗೆ ಸುಮಾರು 18 ಡಾಲರ್ ಉಳಿಯಿತು. ಖಾತೆಗೆ ಹಾಕಬಹುದಾದ ಹಣಕ್ಕೆ 2026ರಲ್ಲಿ ಒಬ್ಬರ ಮಿತಿ 4,400 ಡಾಲರ್, ಕುಟುಂಬಕ್ಕೆ 8,750. ಬೆನ್ನಿಗೆಂದು ನೋಡಿಟ್ಟಿರುವ ಆ ಕುರ್ಚಿಯನ್ನು ಮಾತ್ರ ವೈದ್ಯರಿಂದ ಅಗತ್ಯದ ಪತ್ರ ಪಡೆಯದೆ ಇದರಲ್ಲಿ ಸೇರಿಸಬೇಡ.

ರಸೀದಿಯ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. ಹಿಂದಿನ ಕೆಲಸದಲ್ಲಿ ನನಗಿದ್ದದ್ದು ಎಫ್‌ಎಸ್‌ಎ; ಅದೂ ವೈದ್ಯಕೀಯ ಖರ್ಚಿನ ಖಾತೆಯೇ, ಆದರೆ ಗಡುವಿನೊಳಗೆ ಬಳಸದ ಹಣ ಹೋಗುತ್ತದೆ. ಸೊಂಟದ ಬೆಲ್ಟ್ ಕೊಂಡ ಚೀಟಿಯನ್ನು ಕಾರಿನ ಗಾಜಿನ ಕೆಳಗೆ ಬಿಟ್ಟಿದ್ದೆ. ಖಾತೆ ನೋಡಿಕೊಳ್ಳುವವರು ರಸೀದಿ ಕೇಳಿದ ದಿನ ತೆಗೆದು ನೋಡಿದರೆ ಬಿಸಿಲಿಗೆ ಅಕ್ಷರವೆಲ್ಲ ಮಾಸಿ, ಬಿಳಿ ಕಾಗದ ಉಳಿದಿತ್ತು. ಬ್ಯಾಂಕಿನ ಲೆಕ್ಕಪಟ್ಟಿಯಲ್ಲಿ ಮೊತ್ತವಿತ್ತು, ಏನು ಕೊಂಡೆ ಎಂಬುದಿರಲಿಲ್ಲ, ಒಪ್ಪಲಿಲ್ಲ. ಅಷ್ಟರಲ್ಲಿ ಗಡುವೂ ಮುಗಿದು ಆ ಹಣ ಹೋಯಿತು. ನಿನ್ನ ಎಚ್‌ಎಸ್‌ಎ ಹಣ ವರ್ಷದ ಕೊನೆಗೆ ಹೋಗುವುದಿಲ್ಲ, ಖಾತೆ ತೆರೆದ ಮೇಲಿನ ಖರ್ಚನ್ನು ಎಷ್ಟು ವರ್ಷ ಬಿಟ್ಟಾದರೂ ಹಿಂಪಡೆಯಬಹುದು. ಹಾಗಾಗಿಯೇ ರಸೀದಿ ಇನ್ನೂ ಮುಖ್ಯ. ಕೊಂಡ ದಿನವೇ ಮೊಬೈಲಿನಲ್ಲಿ ಚಿತ್ರ ತೆಗೆದಿಡು.

ಇನ್ನೊಂದು: ನಿನ್ನ ಹೆಂಡತಿ ಹೊಸ ಕೆಲಸದಲ್ಲಿ ಎಲ್ಲ ವೈದ್ಯಕೀಯ ಖರ್ಚಿಗೂ ಸಲ್ಲುವ ಸಾಮಾನ್ಯ ಎಫ್‌ಎಸ್‌ಎ ಆರಿಸಿಕೊಂಡರೆ, ನೀನು ಎಚ್‌ಎಸ್‌ಎಗೆ ಹಣ ಹಾಕುವಂತಿಲ್ಲ. ಅವಳು ಫಾರ್ಮ್ ತುಂಬುವ ಮೊದಲು ಇಬ್ಬರೂ ಕೂತು ಮಾತನಾಡಿ.

ಅಕ್ಕನಿಗೆ ನಿನ್ನೆ ಫೋನ್ ಮಾಡಿ ದರ್ಜಿಯ ಟೇಪಿನಲ್ಲಿ ಮಂಡಿಯ ಸುತ್ತಳತೆ ತೆಗೆಸಿದೆ. ಬಲಗಡೆಯದು ಊದಿ ಎಡಕ್ಕಿಂತ ಒಂದು ಇಂಚು ಹೆಚ್ಚಿದೆ. ಎರಡಕ್ಕೂ ಒಂದೇ ಅಳತೆ ತರಬೇಡ. ಬಲಮಂಡಿಯ ಪಟ್ಟಿಯ ಹಣ ನಾನು ಕಳುಹಿಸುತ್ತೇನೆ, ಬೇಡ ಎನ್ನಬೇಡ.

ಇಂತು,
ನಿನ್ನ ಸೋದರಮಾವ