ಪರ್ಸೆಂಟೇಜ್ ನೋಡಿ ಕೆಲಸ ಹಂಚಬೇಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯದ ಉದ್ಯೋಗ ಮೇಳಗಳಲ್ಲಿ ಅಂಗವಿಕಲರಿಗೆ ಎದುರಾಗುವ ಮೊದಲ ಪ್ರಶ್ನೆ 'ಎಷ್ಟು ಪರ್ಸೆಂಟ್?' ಎಂಬುದು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ನೋಡಿ, ಕಿವಿ ಕೇಳದವರನ್ನು ಪ್ಯಾಕಿಂಗ್‌ಗೆ, ಕಾಲಿಗೆ ತೊಂದರೆ ಇರುವವರನ್ನು ಕಂಪ್ಯೂಟರ್‌ಗೆ ಎಂದು ಬರೆದುಕೊಂಡರೆ ಸಮಾಲೋಚನೆ ಮುಗಿಯಿತು! ಆ ಅಂಕಿ ವೈದ್ಯರು ದೇಹವನ್ನು ಅಳೆದು ಕೊಟ್ಟದ್ದು. ಮೀಸಲಾತಿಗೆ ಶೇ 40 ಇದೆಯೇ ಎಂದು ನೋಡಲು ಅದು ಬೇಕೇ ಬೇಕು. ಆದರೆ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದಿನಕ್ಕೆ ಎಂಟು ಗಂಟೆ ದುಡಿಯಲು ಏನು ಅಡ್ಡ ಬರುತ್ತದೆ ಎಂಬುದು ಆ ಕಾರ್ಡಿನಲ್ಲಿ ಇರುವುದಿಲ್ಲ.

ಅದನ್ನು ತಿಳಿಯಲು ಕೆಲಸದ ಜಾಗಕ್ಕೇ ಹೋಗಬೇಕು. ಮದ್ದೂರು, ಶ್ರೀರಂಗಪಟ್ಟಣ ಕಡೆಯ ಗಾರ್ಮೆಂಟ್ಸ್‌ನ ಹೊಲಿಗೆಯನ್ನೇ ತೆಗೆದುಕೊಳ್ಳಿ. ಪೋಲಿಯೊದಿಂದ ಬಲಗಾಲು ಸೋತವರನ್ನು 'ಪೆಡಲ್ ತುಳಿಯಲಾಗದು' ಎಂದು ವಾಪಸ್ ಕಳಿಸುತ್ತಾರೆ. ಮೋಟರ್ ಮಷಿನ್ನಿನ ಪೆಡಲನ್ನು ಎಡಗಾಲಲ್ಲೂ ಒತ್ತಬಹುದು. ನಿಜವಾದ ತೊಡಕು, ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಎತ್ತಲು ಬಲಮಂಡಿಯಿಂದ ತಳ್ಳುವ ಸನ್ನೆಕೋಲಿನಲ್ಲಿದೆ. ಹಿಂಬದಿಯ ಕೈಹಿಡಿಯಿಂದಲೂ ಅದನ್ನು ಎತ್ತಬಹುದು, ಆದರೆ ಪ್ರತಿ ಸಲ ಬಟ್ಟೆಯಿಂದ ಕೈ ತೆಗೆಯಬೇಕಾಗಿ ಗಂಟೆಯ ಟಾರ್ಗೆಟ್ ತಪ್ಪುತ್ತದೆ. ಫೂಟ್ ತಾನೇ ಏಳುವ ಮಷಿನ್ ಆ ಲೈನಿನಲ್ಲಿ ಒಂದಿದ್ದರೆ ಅದನ್ನೇ ಕೊಡಿ ಎನ್ನುವುದು ಇಲ್ಲಿನ ಪರಿಹಾರ. ಕಚೇರಿಯಲ್ಲಿ ಕೂತು ಅರ್ಜಿ ತುಂಬಿದರೆ ಇದು ಹೊಳೆಯುವುದಿಲ್ಲ.

ಎಷ್ಟೋ ಸಲ ಕೆಲಸ ತಪ್ಪುವುದು ಮಷಿನ್ ಮುಂದೆಯಲ್ಲ, ಶೌಚಾಲಯದ ಬಾಗಿಲಲ್ಲಿ. ಗಾಲಿಕುರ್ಚಿಗೆ ಬಾಗಿಲು 900 ಮಿ.ಮೀ. ತೆರವಿರಬೇಕು, ಒಳಗೆ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಬಾಗಿಲು ಒಳಕ್ಕೆ ತೆರೆದುಕೊಂಡರೆ ಕುರ್ಚಿ ಅಡ್ಡವಾಗಿ ಅದನ್ನು ಮುಚ್ಚಲಾಗದು. ಹೊರಕ್ಕೆ ತೆರೆಯುವಂತೆ ಕೀಲು ಬದಲಿಸಿದರೆ ಸಾಕು. ರ್‍ಯಾಂಪಿನ ಇಳಿಜಾರು 1:12. ಅಂದರೆ ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ಉದ್ದ. ಆರಡಿಯ ತಗಡು ಹಾಸಿ ಫೋಟೊ ತೆಗೆಸಿಕೊಂಡರೆ, ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಕಿವಿಯ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಮೊದಲನೆಯದು, 'ಹಿಯರಿಂಗ್ ಏಡ್ ಇದೆಯಲ್ಲ' ಎನ್ನುವುದು. ಅದು ಮಾತಿನ ಜೊತೆ ಯಂತ್ರದ ಸದ್ದನ್ನೂ ಹಿಗ್ಗಿಸುತ್ತದೆ. ಹಿಂಸೆ ತಾಳದೆ ತೆಗೆದಿಟ್ಟರೆ ಹಿಂದೆ ಬರುವ ಫೋರ್ಕ್‌ಲಿಫ್ಟ್ ಕೇಳಿಸದು. ಮಿನುಗುವ ದೀಪ ಹಾಕಿ, ದಾರಿ ಕಾಣುವಂತೆ ಜಾಗ ಬದಲಿಸಬೇಕು. ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ಕೆಲಸದ ಜಾಗದ ಸದ್ದಿನ ವಿವರ ಕೊಟ್ಟು ಅಲ್ಲಿಗೆ ಕಳಿಸಿದರೆ ಏಡ್‌ನ ಹೊಂದಿಕೆಯನ್ನಾದರೂ ನೋಡುತ್ತಾರೆ. ಎರಡನೆಯದು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು ಎಂಬ ನಂಬಿಕೆ. ಸನ್ನೆ ಭಾಷೆಯಲ್ಲೇ ಬೆಳೆದ ಅನೇಕರಿಗೆ ಬರಹದ ಕನ್ನಡ ಎರಡನೇ ಭಾಷೆ. ಸರಿಯಾದ ಮತ್ತು ಕೆಟ್ಟ ಪೀಸಿನ ಫೋಟೊ ಪಕ್ಕಪಕ್ಕ ಅಂಟಿಸಿದರೆ ಉದ್ದ ವಾಕ್ಯಕ್ಕಿಂತ ಬೇಗ ತಿಳಿಯುತ್ತದೆ.

ದೃಷ್ಟಿ ಇಲ್ಲದವರಿಗೆ ಕಂಪ್ಯೂಟರ್ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಕಡತ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿದ್ದರೆ ಬರೀ ಗೊಜಲು ಕೇಳಿಸುತ್ತದೆ, ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಏನೂ ಕೇಳಿಸದು. ಇಲ್ಲಿ ಅಡ್ಡಿಯಾಗಿರುವುದು ಅಭ್ಯರ್ಥಿಯ ಕಣ್ಣಲ್ಲ, ಕಚೇರಿಯ ಫಾಂಟು.

ಮಾನಸಿಕ ಕಾಯಿಲೆಗೆ ರಾತ್ರಿ ಮಾತ್ರೆ ನುಂಗುವ ಹಲವರಿಗೆ ಮಂಪರಿನಿಂದ ಬೆಳಗಿನ ಆರರ ಶಿಫ್ಟ್ ಕಷ್ಟ, ಜನರಲ್ ಶಿಫ್ಟ್ ಕೇಳಬೇಕು. ಮಾಲೀಕರಿಗೆ ಹೇಳಬೇಕಾದ್ದು ಇಷ್ಟೇ. ಅಭ್ಯರ್ಥಿ ಒಪ್ಪದೆ ಕಾಯಿಲೆಯ ಹೆಸರು ಬಾಯಿಬಿಡಬಾರದು.

ಇದೆಲ್ಲ ದಯೆಯ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ ಸರ್ಕಾರಿ ಕಚೇರಿಗಳು ಇಂಥ ಹೊಂದಾಣಿಕೆ ಮಾಡಿಕೊಡಲೇಬೇಕು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಸಮಾನ ಅವಕಾಶ ನೀತಿಯಲ್ಲಿ ತಾವು ಕೊಡುವ ಸೌಲಭ್ಯಗಳನ್ನು ಬರೆಯಬೇಕು ಎನ್ನುತ್ತವೆ 2017ರ ನಿಯಮಗಳು. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವಿಗೆ ಶೇ 40ರ ಮಿತಿ ಬೇಕಿಲ್ಲ ಎಂದು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮೇಳದಲ್ಲಿ ಕೂರುವ ನಮ್ಮಂಥ ಸಮಾಲೋಚಕರ ಟೇಬಲ್‌ಗಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಒಪ್ಪಿಕೊಂಡ ಹೊಂದಾಣಿಕೆಯೂ ಬಾಯಿಮಾತಿನಲ್ಲಿ ಉಳಿದರೆ ಸೂಪರ್‌ವೈಸರ್ ಬದಲಾದ ದಿನವೇ ಮಾಯ. ನಂತರ 'ಅವರಿಗೆ ಆಗಲ್ಲ ಸಾರ್' ಎಂಬ ಷರಾ ಬೀಳುತ್ತದೆ. ಏನು ಬದಲಿಸಿದ್ದು, ಯಾರು ನೋಡಿಕೊಳ್ಳುವುದು, ಮತ್ತೆ ಯಾವಾಗ ಪರಿಶೀಲನೆ ಎಂದು ಒಂದೇ ಹಾಳೆಯಲ್ಲಿ ಬರೆದು ಎಚ್‌ಆರ್‌ಗೂ ನೌಕರರಿಗೂ ಪ್ರತಿ ಕೊಡಬೇಕು.

ಮುಂದಿನ ಮೇಳಕ್ಕೆ ಮೊದಲು ಜಿಲ್ಲಾಡಳಿತ ಒಂದು ಕೆಲಸ ಮಾಡಲಿ: ಬರುವ ಪ್ರತಿ ಕಂಪನಿಯಿಂದ ಹುದ್ದೆಯ ಹೆಸರಿನ ಜೊತೆ ಎತ್ತುವ ಭಾರ, ನಿಲ್ಲುವ ಗಂಟೆ, ಸದ್ದು, ಮೆಟ್ಟಿಲು, ಶೌಚಾಲಯ, ಶಿಫ್ಟ್, ಬಸ್ಸಿನ ವಿವರ ತರಿಸಿಕೊಳ್ಳಲಿ. ಅದನ್ನು ವಾರ ಮುಂಚೆ ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರ ಕೈಗೆ ಕೊಡಲಿ. ಯಾರ ಮನೆಯಿಂದ ಬಸ್ ಸ್ಟಾಪ್ ಎಷ್ಟು ದೂರ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

– ವೃತ್ತಿ ಪುನರ್ವಸತಿ ಸಮಾಲೋಚಕರು, ಮೈಸೂರು